ಹಡಗು ನಿಂತರೂ ನಿಲ್ಲದ ಹಾಡು

ಕರೋಕೆಯಲ್ಲಿ ವಾದ್ಯದವರೆಲ್ಲ ಪೆಟ್ಟಿಗೆಯೊಳಗೆ. ಖಾಲಿ ಇರುವುದು ಹಾಡುಗಾರನ ಜಾಗ ಮಾತ್ರ. 1971ರಲ್ಲಿ ಕೋಬೆಯ ಡೈಸುಕೆ ಇನೊಯೆ ಇಂಥದೊಂದು ಪೆಟ್ಟಿಗೆ ಮಾಡಿದರು, ಪೇಟೆಂಟ್ ಮಾಡಿಸಲಿಲ್ಲ. ಪುಣ್ಯಾತ್ಮರು! ಜಪಾನಿನ ಹಿರಿಯರು ಅಲ್ಲಿ ಮೈಕು ಹಿಡಿದರೆ ಹೆಚ್ಚಾಗಿ ಹೊರಡುವುದು ಎಂಕಾ. ಬಂದರು, ಮಳೆ, ಮದ್ಯ, ಅಗಲಿಕೆ ಅದರ ಸರಕು. ಅದರ ಒಂದು ಸ್ವರಶ್ರೇಣಿಯಲ್ಲಿ ಮ, ನಿ ಇಲ್ಲ. ಅಂದರೆ ನಮ್ಮ ಮೋಹನದ ಸ್ವರಗಳೇ. ಸ್ವರವನ್ನು ಗಂಟಲಲ್ಲಿ ಹೊರಳಿಸುವ 'ಕೊಬುಶಿ'ಯಂತೂ ಗಮಕದ ದೂರದ ನೆಂಟ.

ಮೀನಂಗಡಿಯವರ ಮಗಳು ಹಿಬಾರಿ ಮಿಸೋರಾ (1937-1989) ಎಂಕಾದ ರಾಣಿ. ಆದರೆ ಎದೆಗೆ ನಾಟುವುದು ಸಯುರಿ ಇಶಿಕಾವಾ 1977ರಲ್ಲಿ ಹಾಡಿದ, ತ್ಸುಗರು ಜಲಸಂಧಿಯ ಚಳಿಗಾಲದ ಹಾಡು. ಟೋಕಿಯೊದ ಉಯೆನೊದಿಂದ ರಾತ್ರಿ ರೈಲು, ಹಿಮ ಸುರಿಯುವ ಅವೊಮೊರಿ, ಅಲ್ಲಿಂದ ಹಡಗು. ಒಲವನ್ನು ಹಿಂದೆ ಬಿಟ್ಟ ಹೆಣ್ಣೊಬ್ಬಳು ಉತ್ತರಕ್ಕೆ ಮರಳುತ್ತಿದ್ದಾಳೆ. ತಗ್ಗಿನಲ್ಲಿ ಶುರುವಾಗುವ ದನಿ ಕೊನೆಗೆ ಮೇಲೇರುತ್ತದೆ. ಮೊದಲೇ ಗಂಟಲು ಹರಿದುಕೊಂಡವರ ಪಾಡು ಕೇಳಬಾರದು.

ಆ ನೀರು ಸಾಮಾನ್ಯದ್ದಲ್ಲ. 1954ರ ಚಂಡಮಾರುತದಲ್ಲಿ ತೋಯಾ ಮಾರು ಹಡಗು ಮುಳುಗಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಕಡಲಡಿ ಸುರಂಗ ಬೇಕೆಂಬ ಕೂಗು ಬಲವಾಯಿತು. ಸುಮಾರು 54 ಕಿ.ಮೀ. ಉದ್ದದ ಸುರಂಗದಲ್ಲಿ 1988ರಲ್ಲಿ ರೈಲು ಓಡಿತು. ರೈಲ್ವೆಯ ಹಡಗು ನಿಂತಿತು. ಭಯ ಹೋಯಿತು, ಒಳ್ಳೆಯದೇ. ಡೆಕ್ಕಿನ ಮೇಲೆ ನಿಂತು ಅಳಲು ಸಿಗುತ್ತಿದ್ದ ನಾಲ್ಕು ತಾಸೂ ಹೋಯಿತು. ಸುರಂಗದ ಕಿಟಕಿಯಲ್ಲಿ ಕಾಣುವುದು ಕತ್ತಲು, ತನ್ನದೇ ಮುಖ.

ಅವೊಮೊರಿ ಬಂದರಿನಲ್ಲಿ ಹಳೆಯ ಹಕ್ಕೋದಾ ಮಾರು ಹಡಗನ್ನು ಕಟ್ಟಿ ನಿಲ್ಲಿಸಿದ್ದಾರೆ. ಹತ್ತಿರದಲ್ಲೇ ಆ ಹಾಡಿನ ಸ್ಮಾರಕ ಶಿಲೆ. ಯಾರಾದರೂ ಸಮೀಪಿಸಿದರೆ ಹಾಡು ತಾನಾಗಿ ಶುರುವಾಗುತ್ತದೆ.