ಆ ಭಾನುವಾರದ ಮಳೆ, ನನ್ನ ಲೆಕ್ಕದ ಪುಸ್ತಕ

2022ರ ಸೆಪ್ಟೆಂಬರ್ 4, ಭಾನುವಾರ. ರಾತ್ರಿ ಹತ್ತೂವರೆ ದಾಟಿತ್ತು. ಬೆಂಗಳೂರಿನ ಬೆಳ್ಳಂದೂರಿನಲ್ಲಿ ಹೋಟೆಲೊಂದರಿಂದ ಎರಡು ಬಿರಿಯಾನಿ ಪಾರ್ಸಲ್ ತಗೊಂಡು ಹೊರಟಾಗ ಹೊರವರ್ತುಲ ರಸ್ತೆಯಲ್ಲಿ ನೀರು ಪಾದ ಮುಳುಗುವಷ್ಟಿತ್ತು. ಇಕೋಸ್ಪೇಸ್ ಟೆಕ್ ಪಾರ್ಕ್ ಹತ್ತಿರ ಬರುವಷ್ಟರಲ್ಲಿ ಮೊಣಕಾಲಿಗೆ ಬಂತು. ಸೈಲೆನ್ಸರ್ ಮುಳುಗಿದಾಗ ಆಕ್ಸಿಲರೇಟರ್ ಬಿಡಬಾರದು ಅನ್ನೋದು ನಮ್ಮ ಹುಡುಗರಿಗೆಲ್ಲ ಗೊತ್ತು. ನಾನೂ ಬಿಡಲಿಲ್ಲ. ಪಕ್ಕದಲ್ಲೇ ಬಸ್ಸೊಂದು ಹೋಯಿತು, ಅದು ಎಬ್ಬಿಸಿದ ನೀರು ಸೀಟಿನ ಮೇಲೆ ಹರಿಯಿತು, ಗಾಡಿ ನಿಂತೇ ಹೋಯಿತು.

ತಳ್ಳಿಕೊಂಡು ನಡೆದೆ. ರಸ್ತೆ ಯಾವುದು, ಚರಂಡಿ ಯಾವುದು ಅಂತ ಕಾಣುತ್ತಿರಲಿಲ್ಲ. ಚಪ್ಪಡಿ ಸರಿದ ಜಾಗದಲ್ಲಿ ಬಲಗಾಲು ತೊಡೆಯವರೆಗೆ ಇಳಿಯಿತು, ಮುಂಗಾಲಿನ ಚರ್ಮ ಕಿತ್ತುಬಂತು. ಗಾಡಿ ಬೀಳಲು ಬಿಟ್ಟು ಬ್ಯಾಗ್ ಹಿಡಿದುಕೊಂಡೆ. ಯಾಕೆ ಅಂದರೆ ಆರ್ಡರ್ ಹಾಳಾದರೆ ದುಡ್ಡು ನನ್ನ ಖಾತೆಯಿಂದ ಹೋಗುತ್ತಿತ್ತು.

ಫೋನನ್ನು ಹಾಲಿನ ಕವರಿಗೆ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿದ್ದೆ. ಒದ್ದೆ ಬೆರಳಿಗೆ ಸ್ಕ್ರೀನ್ ಕೇಳುವುದಿಲ್ಲ. ಅಂಗಿಗೆ ಒರೆಸೋಣವೆಂದರೆ ಅಂಗಿಯೂ ಒದ್ದೆ. ಹೆಲ್ಮೆಟ್ ತೆಗೆದು ಒಳಗಿನ ಸ್ಪಂಜಿಗೆ ಬೆರಳು ಉಜ್ಜಿ, ಗ್ರಾಹಕರಿಗೆ ಫೋನ್ ಮಾಡಿದೆ. ಅರ್ಧ ಗಂಟೆ ತಡವಾಗುತ್ತೆ ಸಾರ್ ಅಂದೆ.

ಅವರ ಅಪಾರ್ಟ್‌ಮೆಂಟ್ ಗೇಟು ಮುಟ್ಟಿದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಕೆಳಗೆ ಬಂದವರು ಪೊಟ್ಟಣ ಮುಟ್ಟಿ ನೋಡಿ, "ತಣ್ಣಗಾಗಿದೆ, ಬೇಡ" ಅಂದರು. ಆಮೇಲೆ, "ಮಳೆಗೆ ನಿಮಗೆ ಎಕ್ಸ್‌ಟ್ರಾ ಬರತ್ತಲ್ವಾ? ನಾನು ಡೆಲಿವರಿ ಚಾರ್ಜ್ ಬೇರೆ ಕೊಟ್ಟಿದ್ದೀನಿ" ಅಂದರು. ಕೆಟ್ಟ ಮನುಷ್ಯರಲ್ಲ, ದನಿಯಲ್ಲಿ ಸಿಟ್ಟೂ ಇರಲಿಲ್ಲ. ತಾವು ಕೊಟ್ಟದ್ದೆಲ್ಲ ನನ್ನ ಜೇಬಿಗೇ ಬರುತ್ತದೆ ಅಂತ ನಿಜವಾಗಿಯೂ ನಂಬಿದ್ದರು. ಆ ಆರ್ಡರಿಗೆ ನನಗೆ ಸಿಗಬೇಕಾಗಿದ್ದದ್ದು ಮಳೆಯ ದುಡ್ಡೂ ಸೇರಿ 72 ರೂಪಾಯಿ. ಹೋಟೆಲ್ ಮುಂದೆ ಕಾದ ಹೊತ್ತಿಗೆ, ವಾಪಸ್ ಬರುವ ದಾರಿಗೆ ಏನೂ ಇಲ್ಲ.

ಮರುದಿನ ಬೆಳಗ್ಗೆವರೆಗಿನ 24 ಗಂಟೆಯಲ್ಲಿ ನಗರಕ್ಕೆ 131.6 ಮಿ.ಮೀ. ಮಳೆಯಾಯಿತಂತೆ. ಸೋಮವಾರ ಇಡೀ ದೇಶ ಟಿವಿಯಲ್ಲಿ ನೋಡಿದ್ದು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗುವವರನ್ನು. ನಾನು ಮೆಕ್ಯಾನಿಕ್ ಅಂಗಡಿ ಮುಂದೆ ಕೂತಿದ್ದೆ. ಎಂಜಿನ್‌ಗೆ ನೀರು ಹೋಗಿತ್ತು. 7,200 ರೂಪಾಯಿ, ಒಂಬತ್ತು ದಿನ. ಅದರ ಮಧ್ಯೆ ಡೆಲಿವರಿ ಆ್ಯಪ್‌ನಲ್ಲಿ ನನ್ನ ಐಡಿ ಬ್ಲಾಕ್ ಆಯಿತು. ಯಾಕೆ ಅಂತ ಕೇಳಲು ಎದುರಿಗೆ ಮನುಷ್ಯರಿರಲಿಲ್ಲ. ಒಂದೇ ಉತ್ತರ ಮತ್ತೆ ಮತ್ತೆ ಬರುವ ಚಾಟ್ ಇತ್ತು.

2025ರಲ್ಲಿ ನಮ್ಮ ರಾಜ್ಯ ನಮ್ಮಂಥ ಗಿಗ್ ಕಾರ್ಮಿಕರಿಗೆ ಕಾಯಿದೆ ಮಾಡಿದಾಗ, ಹೀಗೆ ಐಡಿ ಬ್ಲಾಕ್ ಮಾಡುವುದರ ಬಗ್ಗೆ ಏನಿದೆ ಅಂತಲೇ ನಾನು ಮೊದಲು ಹುಡುಕಿದ್ದು. ಕೆಲಸದಿಂದ ತೆಗೆಯುವ ಮುಂಚೆ ಕಾರಣ ಬರೆದು 14 ದಿನದ ನೋಟಿಸ್ ಕೊಡಬೇಕು ಅಂತಿದೆ. ಕೆಲಸಗಾರನಿಗೆ ಕೊಡುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಂಪನಿ ಕಲ್ಯಾಣ ಶುಲ್ಕ ಕಟ್ಟಬೇಕು ಅಂತಲೂ ಇದೆ. ಆ ಸಾಲುಗಳನ್ನು ಓದುವಾಗ ಮುಂಗಾಲಿನ ಗಾಯದ ಕಲೆಯ ಮೇಲೆ ಕೈ ಹೋಯಿತು.

ಆ ಮಳೆಯ ವರ್ಷ ದಸರಾಕ್ಕೆ ಶಿರಾ ಕಡೆಯ ನಮ್ಮ ಊರಿಗೆ ಹೋಗಿದ್ದೆ. ಗಾಡಿಗೆ ಪೂಜೆ ಮಾಡಿ ನಿಂಬೆಹಣ್ಣು ಇಡುತ್ತಿದ್ದಾಗ ಸೋದರಮಾವ, "ಏನಪ್ಪಾ, ತಿಂಗಳಿಗೆ ನಲವತ್ತು ಸಾವಿರ ಎಣಿಸ್ತಿದ್ದೀಯಂತೆ, ಅವ್ವನಿಗೆ ಎರಡೇ ಸಾವಿರ ಕಳಿಸ್ತೀಯಾ?" ಅಂದರು. ಅವ್ವ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಂದೆ ಆ ಮಾತು ಕೇಳಿಸಿಕೊಂಡದ್ದು ನನಗೆ ಚರಂಡಿಗೆ ಕಾಲು ಹೋದದ್ದಕ್ಕಿಂತ ನೋವಾಯಿತು.

ನನ್ನ ಹತ್ತಿರ ಲೆಕ್ಕದ ಪುಸ್ತಕ ಇತ್ತು. ಆಗಸ್ಟ್ ಪುಟ ತೆಗೆದು ಕೊಟ್ಟೆ. ಇಪ್ಪತ್ತಾರು ದಿನ, ದಿನಕ್ಕೆ ಹನ್ನೆರಡು ಗಂಟೆ, ಖಾತೆಗೆ ಬಂದದ್ದು 27,400. ಪೆಟ್ರೋಲಿಗೆ 6,500. ಗಾಡಿ ಕಂತು 3,100. ಆಯಿಲ್, ಬ್ರೇಕ್ ಶೂ, ಟೈರು 1,400. ಫೋನ್ ಕಂತು, ರೀಚಾರ್ಜ್ 1,300. ರೂಮಿನ ನನ್ನ ಪಾಲು 4,500. ಉಳಿದದ್ದು 10,600.

ಮಾವ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಕೊನೆಯ ಸಾಲಿಗೆ ಬಂದು ತಲೆ ಎತ್ತಿದರು.

"ಊಟದ ಲೆಕ್ಕ ಎಲ್ಲಿ?" ಅಂದರು.

ಬರೆದಿರಲಿಲ್ಲ.