ಕನ್ನಡಿ ಕೂರಿಸುವಷ್ಟು ಹೊತ್ತು

ಕಸೂತಿಯ ಕನ್ನಡಿ ಚೂರಿಗೆ ತೂತಿರುವುದಿಲ್ಲ. ಗುಂಡಿಯಾದರೆ ಸೂಜಿ ತೂರಿಸಬಹುದು, ಕವಡೆಯಾದರೆ ಬೆನ್ನು ಒಡೆದು ಪೋಣಿಸಬಹುದು. ಕನ್ನಡಿಗೆ ಅವೆರಡೂ ಒಗ್ಗುವುದಿಲ್ಲ. ಹಾಗಾಗಿ ಅದನ್ನು ಬಟ್ಟೆಯ ಮೇಲಿಟ್ಟು, ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಮೇಲೆ ಉದ್ದಕ್ಕೆರಡು, ಅಡ್ಡಕ್ಕೆರಡು ಎಳೆಗಳನ್ನು ಬಿಗಿಯಾಗಿ ಹಾಯಿಸಬೇಕು. ಆಮೇಲೆ ಮೂಲೆಗಳನ್ನು ಹಿಡಿಯುವಂತೆ ಓರೆಯಾಗಿ ಇನ್ನೊಂದು ಸುತ್ತು. ಈ ಎಳೆಗಳನ್ನೇ ಆಸರೆ ಮಾಡಿಕೊಂಡು ಸುತ್ತ ಹೊಲಿಯುತ್ತ ಬಂದರೆ, ಒಂದೊಂದು ಹೊಲಿಗೆಯೂ ಎಳೆಯನ್ನು ಅಂಚಿನ ಕಡೆಗೆ ಜಗ್ಗುತ್ತದೆ. ಚೌಕವಾಗಿದ್ದ ಕಿಂಡಿ ನಿಧಾನಕ್ಕೆ ದುಂಡಗಾಗುತ್ತದೆ, ಸುತ್ತು ಮುಗಿಯುವ ಹೊತ್ತಿಗೆ ಕನ್ನಡಿ ದಾರದ ಕಟ್ಟಿನೊಳಗೆ ಅಲುಗಾಡದೆ ಕೂತಿರುತ್ತದೆ. ಮೊದಲ ನಾಲ್ಕು ಎಳೆ ಸಡಿಲಾದರೆ ಕನ್ನಡಿ ಜಾರುತ್ತದೆ. ಅವನ್ನು ಅಂಚಿಗೆ ತೀರಾ ಹತ್ತಿರ ಹಾಯಿಸಿದರೆ ಕೊನೆಯ ಸುತ್ತಿಗೆ ಹಿಡಿತ ಸಿಗುವುದಿಲ್ಲ. ಸಂಡೂರಿನ ಲಂಬಾಣಿ ಕಸೂತಿಯನ್ನು ನಾನು ಪ್ರೀತಿಸುವುದಕ್ಕೆ ಅದರ ಕಡುಗೆಂಪು, ಹಳದಿ, ನೀಲಿಗಳ ಸೊಬಗು ಒಂದು ಕಾರಣವಾದರೆ, ಈ ಕೆಲಸದ ಅಳತೆ ಅದಕ್ಕಿಂತ ದೊಡ್ಡ ಕಾರಣ. ಒಂದು ಕನ್ನಡಿ ಕೂರಿಸಲು ಬಹಳ ಹೊತ್ತು ಬೇಡ. ಕೂರಿಸಿದ ಮೇಲೆ ಅಷ್ಟರ ಮಟ್ಟಿಗೆ ಕೆಲಸ ಪೂರ್ತಿ ಮುಗಿದಿರುತ್ತದೆ.

ಒಂದು ಫೇಟಿಯಾ, ಅಂದರೆ ಲಂಗ, ಅದಕ್ಕೊಪ್ಪುವ ಕಾಂಚಳಿ ಎಂಬ ರವಿಕೆ, ತಲೆಯ ಮೇಲಿನ ಹೊದಿಕೆ ಎಲ್ಲ ಸೇರಿ ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಇದನ್ನು ಕಂಡವರೆಲ್ಲ ಮೊದಲು ಹೇಳುವುದು ‘ಎಂಥ ತಾಳ್ಮೆ!’ ಎಂದು. ಮೆಚ್ಚುಗೆಯ ಮಾತೇ, ಆದರೆ ನನಗೆ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಫೇಟಿಯಾ ಮುಗಿಯುವ ದಿನಕ್ಕಾಗಿ ಹಲ್ಲು ಕಚ್ಚಿ ಕಾಯುವವರು ಫೇಟಿಯಾ ಮುಗಿಸಲಾರರು. ಕಿಲನ್, ವೇಲೆ, ಮಕಿ, ನಾಕ್ರ, ರೇಲೋ, ಗಾಡ್ರಿ ಎಂದು ಹೆಸರಿಟ್ಟುಕೊಂಡಿರುವ ಒಂದೊಂದು ಹೊಲಿಗೆಗೂ ಅದರದೇ ನಡೆಯುಂಟು. ಚೌಕ, ತ್ರಿಕೋನ, ವಜ್ರಾಕಾರಗಳ ಒಂದೊಂದು ಸಾಲಿಗೂ ತನ್ನದೇ ಮುಕ್ತಾಯವುಂಟು. ಇವತ್ತು ಒಂದು ಚೌಕ ತುಂಬಿತೆಂದರೆ ಇವತ್ತಿನ ಸಂತೋಷ ಇವತ್ತೇ ಕೈಗೆ ಸಿಗುತ್ತದೆ. ದೊಡ್ಡ ಗುರಿ ಮುಟ್ಟುವ ಗುಟ್ಟು ಮನೋಬಲದಲ್ಲಿದೆ ಎಂದು ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ; ಅದು ಅಳತೆಯಲ್ಲಿದೆ ಎಂದು ನನ್ನ ವಾದ. ದಿನದ ಪಾಲನ್ನು ಗಡಿಯಾರದಿಂದ ಅಳೆಯಬಾರದು, ಮುಗಿಯುವ ತುಣುಕಿನಿಂದ ಅಳೆಯಬೇಕು. ಪಂಪನನ್ನು ಓದಬೇಕೆಂದು ಹೊರಟವರು ‘ದಿನಕ್ಕೆ ಅರ್ಧ ಗಂಟೆ’ ಎಂದುಕೊಂಡರೆ ಹದಿನೈದನೆಯ ದಿನಕ್ಕೆ ಬೇಸರ ಬರುತ್ತದೆ. ಒಂದು ಪದ್ಯ ಅನ್ವಯ ಸಮೇತ ಅರ್ಥವಾಗುವ ತನಕ ಎಂದುಕೊಂಡರೆ, ಅರ್ಥವಾದದ್ದರ ಖುಷಿಯೇ ಮರುದಿನ ಪುಸ್ತಕ ತೆರೆಸುತ್ತದೆ.

ಈ ಅಳತೆ ಲಂಬಾಣಿಗರ ಬದುಕಿನಿಂದಲೇ ಬಂದಿರಬೇಕು. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ನಾಡಿನುದ್ದಕ್ಕೂ ಸಾಗುತ್ತಿದ್ದ ಜನ ಅವರು. ಬಿಡಾರದಿಂದ ಬಿಡಾರಕ್ಕೆ ಮಗ್ಗ ಹೊತ್ತೊಯ್ಯಲಾಗದು. ಸೂಜಿ, ದಾರ, ಮಡಚಿಟ್ಟ ಬಟ್ಟೆಯಾದರೆ ಎಲ್ಲಿಗೂ ಬರುತ್ತವೆ. ಎಲ್ಲಿ ನಿಲ್ಲಿಸಿದರೂ ಕೆಡದ, ಎಲ್ಲಿಂದ ಹಿಡಿದರೂ ಮುಂದುವರಿಯುವ ಕಲೆ ಮಾತ್ರ ಅಂಥ ಬದುಕಿನಲ್ಲಿ ಉಳಿಯಲು ಸಾಧ್ಯ. ರೈಲು ಬಂದು ಅವರ ಸಾಗಾಟದ ಕಸುಬು ಹೋಯಿತು, ತಾಂಡಾಗಳು ನೆಲೆ ನಿಂತವು, ಸೂಜಿ ಮಾತ್ರ ಉಳಿಯಿತು. ಉಳಿದ ಕಲೆಗೆ ಸಂಡೂರು ಕುಶಲ ಕಲಾ ಕೇಂದ್ರ ಮಾರುಕಟ್ಟೆ ತೋರಿಸಿತು, 2010ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಕಾರ್ಯಗುಂಪಿನ ಸಭೆ ನಡೆದಾಗ ಈ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ಹೊಲಿದ 1755 ವಸ್ತುಗಳ ಪ್ರದರ್ಶನ ಗಿನ್ನಿಸ್ ದಾಖಲೆಗೆ ಸೇರಿತು. ದಾಖಲೆ ಒಂದು ದಿನದ್ದು. ಅಲ್ಲಿದ್ದ ಒಂದೊಂದು ಚೌಕ ಮಾತ್ರ ಯಾರೋ ಒಬ್ಬರ ಮಡಿಲಲ್ಲಿ, ಯಾವ ಕ್ಯಾಮೆರಾವೂ ಇಲ್ಲದ ಹೊತ್ತಿನಲ್ಲಿ ತುಂಬಿದ್ದು.

ಇದೇ ಸಂಡೂರು ಇನ್ನೊಂದು ಬಗೆಯ ವೇಗವನ್ನೂ ಕಂಡಿದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಚೀನಾದಲ್ಲಿ ಕಬ್ಬಿಣದ ಅದಿರಿಗೆ ಬೇಡಿಕೆ ಏರಿದಾಗ ಹೊಸಪೇಟೆ ರಸ್ತೆ ಲಾರಿಗಳಿಂದ ತುಂಬಿತು, ರಸ್ತೆ ಬದಿಯ ಬೆಳೆ ಕೆಂಧೂಳಿನಲ್ಲಿ ಮುಳುಗಿತು, ರಾತ್ರಿ ಬೆಳಗಾಗುವುದರಲ್ಲಿ ಹಣ ಕಂಡವರಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಸಾಲ ಮಾಡಿ ಲಾರಿ ಕೊಂಡವರು ಅಲ್ಲೇ ನಿಂತರು. ಗಣಿ ಬೇಡವೆಂದು ನಾನು ಹೇಳುತ್ತಿಲ್ಲ. ಕೂಲಿಯವರ ಒಲೆ ಅದರಿಂದಲೂ ಉರಿದಿದೆ. ಆದರೆ ಗುಡ್ಡದಿಂದ ಅದಿರು ಹೋದ ಜಾಗದಲ್ಲಿ ಗುಂಡಿ ಉಳಿಯುತ್ತದೆ. ದಿನಾ ಹೊಲಿದ ಕೈಯಲ್ಲಿ ಹೊಲಿಗೆ ಉಳಿಯುತ್ತದೆ, ಅದನ್ನು ಯಾವ ಆದೇಶವೂ ನಿಲ್ಲಿಸಲಾರದು.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ, ತೇಲಿಸಿ ಬಿಡುವಂಥದ್ದಲ್ಲ. ಕಸೂತಿಯನ್ನು ಸವಿಯುವುದು ಹೊಟ್ಟೆ ತುಂಬಿದವರ ಹವ್ಯಾಸ; ತಾಂಡಾದ ಹೆಂಗಸಿಗೆ ಅದು ಕೂಲಿ, ಕಣ್ಣು ಉರಿಯುವ, ಕುತ್ತಿಗೆ ಹಿಡಿಯುವ ಕೆಲಸ; ಆಕೆಯ ಶ್ರಮದಿಂದ ತಾಳ್ಮೆಯ ಪಾಠ ತೆಗೆಯುವುದು ನ್ಯಾಯವೇ? ಕೂಲಿ ಸರಿಯಾಗಿ ಕೊಡದೆ ತಾಳ್ಮೆಯನ್ನು ಹೊಗಳುವುದು ಅನ್ಯಾಯವೇ ಸರಿ. ಆರ್ಡರಿನ ಗಡುವು ತಲೆಯ ಮೇಲೆ ಕೂತಾಗ ಚೌಕ ತುಂಬಿದ ಸಂತೋಷ ಎಣಿಕೆಯಾಗಿ ಬಿಡುತ್ತದೆ, ನನ್ನ ವಾದ ಅಲ್ಲಿ ಸೋಲುತ್ತದೆ. ಆದರೆ ಆ ಸೋಲೇ ನನ್ನ ಮಾತಿನ ಇನ್ನೊಂದು ಭಾಗವನ್ನು ಗಟ್ಟಿ ಮಾಡುತ್ತದೆ. ದಿನನಿತ್ಯದ ಅಭ್ಯಾಸ ಒಂಟಿ ಮನುಷ್ಯನ ಸಂಕಲ್ಪದಿಂದಷ್ಟೇ ನಡೆಯುವುದಿಲ್ಲ. ಬೆಳಕಿರುವ ಜಗಲಿ ಬೇಕು, ಜೊತೆಗೆ ಕೂರುವ ನಾಲ್ಕು ಜನ ಬೇಕು, ಹೊಲಿದದ್ದಕ್ಕೆ ತಕ್ಕ ಬೆಲೆ ಬೇಕು, ಮನೆಯವರು ಬಿಟ್ಟುಕೊಡುವ ಒಂದಿಷ್ಟು ಹೊತ್ತು ಬೇಕು. ಇವು ಸಿಗದೆ ಗುರಿ ಬಿಟ್ಟವರನ್ನು ಸೋಮಾರಿಗಳೆನ್ನುವುದು ತಪ್ಪು.

ಕಂಪ್ಯೂಟರ್ ಎಂಬ್ರಾಯಿಡರಿ ಯಂತ್ರ ಇದೇ ವಿನ್ಯಾಸವನ್ನು ಬೇಗ ಹಾಕಿಕೊಡುತ್ತದಲ್ಲ ಎನ್ನುವವರೂ ಇದ್ದಾರೆ. ಬೇಕಾದದ್ದು ಬಟ್ಟೆಯೊಂದೇ ಆದರೆ ಧಾರಾಳವಾಗಿ ಕೊಳ್ಳಲಿ. ಬೇಕಾದದ್ದು ಕೈ ಪಳಗುವುದಾದರೆ ಅದನ್ನು ಇನ್ನೊಬ್ಬರು ಮಾಡಿಕೊಡಲು ಬರುವುದಿಲ್ಲ.

ಇನ್ನೊಂದು ಆಕ್ಷೇಪ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಅದಕ್ಕೆ ಸಾಕ್ಷಿ ಸಂಡೂರಿಗೆ ಹತ್ತಿರದ ತುಂಗಭದ್ರಾ ಅಣೆಕಟ್ಟೆಯಲ್ಲೇ ಇದೆ. ದಿನದಿನವೂ ಸ್ವಲ್ಪ ಸ್ವಲ್ಪ ಸೇರುವುದೆಲ್ಲ ಒಳಿತೇ? 1945ರಲ್ಲಿ ಶುರುವಾಗಿ 1953ರ ಹೊತ್ತಿಗೆ ನೀರು ನಿಲ್ಲಿಸಿದ ಈ ಕಲ್ಲುಕಟ್ಟಡದ ಅಣೆಕಟ್ಟೆಯಲ್ಲಿ ಆಗ ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯುತ್ತಿತ್ತು. ಈಗ ಹಿಡಿಯುವುದು ಸುಮಾರು 105. ಉಳಿದ ಜಾಗದಲ್ಲಿ ಹೂಳು ಕೂತಿದೆ. ಆ ಹೂಳು ಒಂದು ದಿನದಲ್ಲಿ ಬಂದದ್ದಲ್ಲ. ಮಳೆಗಾಲದಿಂದ ಮಳೆಗಾಲಕ್ಕೆ, ಮೇಲೆ ನೀರು ಥಳಥಳಿಸುತ್ತಿರುವಾಗಲೇ ಕೆಳಗೆ ಕೂತದ್ದು. ನಿರಂತರತೆ ಎಂಬುದಕ್ಕೆ ತನ್ನಷ್ಟಕ್ಕೆ ಒಳ್ಳೆಯತನವಿಲ್ಲ. ತಪ್ಪು ರಾಗವನ್ನು ದಿನಾ ಸಾಧನೆ ಮಾಡಿದರೆ ತಪ್ಪೇ ಗಟ್ಟಿಯಾಗುತ್ತದೆ. ಕಸೂತಿಯಲ್ಲಿ ಇದಕ್ಕೊಂದು ಉಪಾಯವಿದೆ, ಅದಕ್ಕಾಗಿಯೇ ನಾನು ಅದನ್ನು ಬೇರೆ ಸಾಧನೆಗಳಿಗಿಂತ ಮೇಲಿಡುತ್ತೇನೆ. ಬಟ್ಟೆಯನ್ನು ಮಗುಚಿದರೆ ಕೆಲಸದ ಬೆನ್ನು ಕಾಣುತ್ತದೆ. ಎಳೆ ಎಲ್ಲಿ ಹಾರಿದೆ, ಗಂಟು ಎಲ್ಲಿ ದಪ್ಪವಾಗಿದೆ, ಎಣಿಕೆ ಎಲ್ಲಿ ಒಂದು ಎಳೆ ತಪ್ಪಿದೆ ಎಲ್ಲವೂ ಅಲ್ಲಿದೆ. ಎಣಿಕೆ ತಪ್ಪಿದ ಸಾಲಿನ ಪಕ್ಕದಲ್ಲೇ ಇನ್ನೊಂದು ಸಾಲು ಹಾಕಿದರೆ ತಪ್ಪು ಮುಂದಕ್ಕೆ ಹರಿದು, ಮೂಲೆ ಸೇರುವಲ್ಲಿ ಚೌಕ ಕೂಡುವುದೇ ಇಲ್ಲ. ಅದೇ ದಿನ ನೋಡಿದರೆ ಬಿಚ್ಚಬೇಕಾದದ್ದು ಬೆರಳಗಲ. ತಿಂಗಳು ಬಿಟ್ಟು ನೋಡಿದರೆ ಗೇಣಗಲ, ಅಷ್ಟರಲ್ಲಿ ಬಟ್ಟೆಯಲ್ಲಿ ಸೂಜಿಯ ತೂತುಗಳೂ ಉಳಿದಿರುತ್ತವೆ. ಕಲಿಯಲು ಹೊರಟವರು ಎಳೆ ಎಣಿಸಲು ಬರುವಂಥ ಒರಟು ಕೈಮಗ್ಗದ ಬಟ್ಟೆ, ಬಟ್ಟೆಗಿಂತ ಬೇರೆಯೇ ಬಣ್ಣದ ಹತ್ತಿ ದಾರ ತೆಗೆದುಕೊಂಡು, ಮೊದಲು ಒಂದೇ ಒಂದು ನೇರ ಸಾಲನ್ನು ಹಾಕಲಿ. ಹಾಕಿ, ಮಗುಚಿ ನೋಡಿ, ಬೇಕಿದ್ದರೆ ಬಿಚ್ಚಿ, ಮತ್ತೆ ಹಾಕಲಿ.