ಹಿಮಭೂಮಿಗೆ ಹಡಗನ್ನಾರಿಸಿದ ಬಗೆ

ಅಂಟಾರ್ಕ್ಟಿಕಾ ಖಂಡದ ಹಿಮದ ಮೇಲೆ ಒಮ್ಮೆ ಕಾಲೂರಬೇಕೆಂಬುದು ನಮ್ಮ ಸಹಧರ್ಮಿಣಿಯ ಬಹುದಿನದ ಹಂಬಲ. ಹಡಗಿನ ಆಯ್ಕೆಯನ್ನು ನಿರ್ಧರಿಸಿದ್ದೂ ಅದೇ. ಅಲೆಗೆ ಕಡಿಮೆ ಅಲುಗಾಡುತ್ತದೆಂದು ನಾವು ದೊಡ್ಡ ಹಡಗಿನತ್ತ ಒಲಿದಿದ್ದೆವು. ಆದರೆ 500ಕ್ಕೂ ಹೆಚ್ಚು ಪ್ರಯಾಣಿಕರಿರುವ ಹಡಗು ಅಲ್ಲಿ ಯಾರನ್ನೂ ದಡಕ್ಕಿಳಿಸುವಂತಿಲ್ಲ. ಚಿಕ್ಕ ಹಡಗಿನವರಿಗೂ ಒಂದು ತಾಣದಲ್ಲಿ ಏಕಕಾಲಕ್ಕೆ 100 ಜನರಿಗಷ್ಟೇ ಅವಕಾಶ; ಮಿಕ್ಕವರು ಸರದಿ ಕಾಯಬೇಕು.

ಚಿಕ್ಕದೆಂದರೆ ನಮಗೆ ಅಳುಕು. ಇಂಥ ಯಾತ್ರೆಗೆಂದೇ 1969ರಲ್ಲಿ ನಿರ್ಮಿಸಿದ್ದ ಎಕ್ಸ್‌ಪ್ಲೋರರ್ ಹಡಗು, 2007ರ ನವೆಂಬರಿನಲ್ಲಿ ದಕ್ಷಿಣ ಶೆಟ್‌ಲ್ಯಾಂಡ್ ದ್ವೀಪಗಳ ಬಳಿ ಹಿಮಕ್ಕೆ ತಾಗಿ ಮುಳುಗಿತು. ಒಡಲು ಗಟ್ಟಿಯಿದ್ದೂ ಸಾಲಲಿಲ್ಲ. ಮತ್ತೊಂದು ಹಡಗು ಧಾವಿಸಿದ್ದರಿಂದ 154 ಜನರೂ ಉಳಿದರು. ಆದಕಾರಣ ಹಡಗುಗಳ ಓಡಾಟ ಹೆಚ್ಚಿರುವ ಜನವರಿಯನ್ನೇ ಆರಿಸಿದೆವು. ಕೋಣೆಯನ್ನು ಕೆಳಅಂತಸ್ತಿನ ನಡುಭಾಗದಲ್ಲಿ ಹಿಡಿದೆವು. ಓಲಾಟ ಅಲ್ಲಿ ಅತಿ ಕಡಿಮೆ. ಕಿಟಕಿ ಮಾತ್ರ ತಟ್ಟೆಯಷ್ಟು.

ಅರ್ಜೆಂಟೀನದ ಉಶುವಾಯದಿಂದ ಹೊರಟ ಮೇಲೆ ಡ್ರೇಕ್ ಜಲಸಂಧಿಯಲ್ಲಿ ಎರಡು ದಿನ. ಕೆಳಅಂತಸ್ತಾದರೇನು, ಗೋಡೆಗೆ ಬೆನ್ನಾನಿಸಿ ಪೂಜೆಗೆ ಕುಳಿತರೂ ಇಷ್ಟಲಿಂಗವನ್ನು ಹಿಡಿದ ಎಡಗೈ ನಿಲ್ಲದು. ಎರಡನೆಯ ಮುಂಜಾನೆ ಆಕೆ ಮಾತಿಲ್ಲದೆ ಬಂದು ನಮ್ಮ ಮೊಣಕೈಗೆ ಆಸರೆಯಾಗಿ ಕುಳಿತಳು. ಅಂದಿನ ಪೂಜೆ ಸಾಂಗವಾಯಿತು.

ಮೂರನೆಯ ದಿನ ಬೂಟುಗಳನ್ನು ತೊಳೆಸಿಕೊಂಡು ರಬ್ಬರಿನ ದೋಣಿಗಿಳಿದೆವು. ಈ ಬಾರಿ ಮೊಣಕೈ ಹಿಡಿದವರು ನಾವು. ಪೆಂಗ್ವಿನ್‌ಗಳಿಂದ 5 ಮೀಟರ್ ದೂರವಿರಬೇಕೆಂಬುದು ಅಲ್ಲಿನ ಕಟ್ಟಳೆ. ಆಕೆ ಹಿಮದಲ್ಲಿ ಕಾಲೂರಿ ನಿಂತಳು. ಕಟ್ಟಳೆಯರಿಯದ ಹಕ್ಕಿಯೊಂದು ನೇರವಾಗಿ ಆಕೆಯತ್ತಲೇ ನಡೆದುಬಂದಿತು.